ಅರಶಿನ ಎಲೆ ಕಡುಬು

ಅರಶಿನ ಎಲೆ ಕಡುಬು ಕರ್ನಾಟಕದ ಕರಾವಳಿಯ ಒಂದು ಸಾಂಪ್ರದಾಯಿಕ ಸಿಹಿ ತಿನಿಸು. ರುಬ್ಬಿದ ಅಕ್ಕಿಹಿಟ್ಟನ್ನು ಅರಶಿನದ ಹಸಿ ಎಲೆಯ ಮೇಲೆ ತೆಳ್ಳಗೆ ಹರಡಿ, ಕಾಯಿ-ಬೆಲ್ಲದ ಹೂರಣವನ್ನಿಟ್ಟು, ಎಲೆಯನ್ನು ಮಡಚಿ ಹಬೆಯಲ್ಲಿ ಬೇಯಿಸಿ ಇದನ್ನು ತಯಾರಿಸುತ್ತಾರೆ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇದು ನಾಗರಪಂಚಮಿಯ ಮುಖ್ಯ ತಿನಿಸುಗಳಲ್ಲಿ ಒಂದು. ಸಾಮಗ್ರಿಗಳು ಕೆಲವೇ ಆದರೂ ಹಿಟ್ಟಿನ ಹದ ಮತ್ತು ಹಚ್ಚುವ ಕೈಚಳಕವನ್ನು ಮಾಡುತ್ತಲೇ ಕಲಿಯಬೇಕಾಗುತ್ತದೆ.

ಹೆಸರು

ಕರಾವಳಿಯ ಕನ್ನಡದಲ್ಲಿ ಇದನ್ನು ಅರಶಿನ ಎಲೆ ಕಡುಬು ಎಂದೂ ಮಂಗಳೂರಿನ ಕಡೆ ಅರಶಿನ ಎಲೆ ಗಟ್ಟಿ ಎಂದೂ ಕರೆಯುತ್ತಾರೆ. ಕೊಂಕಣಿಯಲ್ಲಿ ಇದರ ಹೆಸರು ಪಾತೋಳಿ. ಗೋವೆಯ ಕ್ರೈಸ್ತ ಕುಟುಂಬಗಳಲ್ಲಿ ಇದೇ ತಿನಿಸನ್ನು ಆಗಸ್ಟ್ 15ರ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ ಮಾಡುವ ರೂಢಿಯಿದೆ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿದ ಕೊಟ್ಟೆಯಲ್ಲಿ ಬೇಯಿಸುವ ಕೊಟ್ಟೆ ಕಡುಬು ಬೇರೆ ತಿನಿಸು. ಅದು ಉದ್ದು ಬೆರೆಸಿದ ಹುಳಿ ಹಿಟ್ಟಿನದು, ಸಿಹಿಯಲ್ಲ.

ಎಲೆ

ಅರಶಿನವು ಶುಂಠಿಯ ಕುಟುಂಬಕ್ಕೆ ಸೇರಿದ ಸಸ್ಯ. ಮುಂಗಾರಿಗೆ ಮುಂಚೆ ಅಥವಾ ಮೊದಲ ಮಳೆಯ ಹೊತ್ತಿಗೆ ನೆಟ್ಟ ಗೆಡ್ಡೆಯಿಂದ ಎದ್ದ ಎಲೆಗಳು ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಮಡಚಲು ತಕ್ಕಷ್ಟು ಅಗಲವಾಗಿ, ಎಳತಾಗಿ ಇರುತ್ತವೆ. ಮಳೆಗಾಲ ಕಳೆದ ಮೇಲೆ ಅವು ಹಳದಿಗಟ್ಟಿ ಒಣಗುತ್ತವೆ. ಬಳಿಕ ಗೆಡ್ಡೆಯನ್ನು ಕೀಳುತ್ತಾರೆ.

ಗೆಡ್ಡೆಯ ಹಳದಿ ಬಣ್ಣಕ್ಕೆ ಕರ್ಕ್ಯುಮಿನ್ ಎಂಬ ಪದಾರ್ಥ ಕಾರಣ. ಎಲೆಯ ಪರಿಮಳವು ಅದರಲ್ಲಿರುವ ಆವಿಯಾಗುವ ಎಣ್ಣೆಯಿಂದ ಬರುತ್ತದೆ; ಈ ಎಣ್ಣೆಯ ಪ್ರಧಾನ ಅಂಶ ಫೆಲಾಂಡ್ರೀನ್. ಹೀಗಾಗಿ ಎಲೆಯ ವಾಸನೆ ಅರಶಿನ ಪುಡಿಯ ವಾಸನೆಗಿಂತ ಭಿನ್ನವಾಗಿರುತ್ತದೆ, ಬೆಂದ ಕಡುಬಿಗೆ ಹಳದಿ ಬಣ್ಣವೂ ಹತ್ತುವುದಿಲ್ಲ. ಹಬೆಯ ಬಿಸಿಗೆ ಎಣ್ಣೆ ಬಿಡುಗಡೆಯಾಗಿ ಅಕ್ಕಿಯ ಪದರಕ್ಕೆ ಸೇರುತ್ತದೆ. ಎಲೆಯನ್ನು ತಿನ್ನುವುದಿಲ್ಲ, ಬಡಿಸಿದ ಮೇಲೆ ಬಿಡಿಸಿ ತೆಗೆಯುತ್ತಾರೆ.

ತಯಾರಿಕೆ

ಎರಡು ಲೋಟ ಬೆಳ್ತಿಗೆ ಅಕ್ಕಿಗೆ ಸುಮಾರು ಎರಡು ಲೋಟ ತೆಂಗಿನ ತುರಿ, ಒಂದು ಲೋಟ ಪುಡಿ ಮಾಡಿದ ಬೆಲ್ಲ, ಸ್ವಲ್ಪ ಏಲಕ್ಕಿ ಮತ್ತು ಉಪ್ಪು ಬೇಕಾಗುತ್ತದೆ.

1. ಅಕ್ಕಿಯನ್ನು ಎರಡರಿಂದ ನಾಲ್ಕು ಗಂಟೆ ನೆನೆಸಿ, ಉಪ್ಪು ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಬೇಕು. ಹಿಟ್ಟು ದೋಸೆಯ ಹಿಟ್ಟಿಗಿಂತ ದಪ್ಪವಾಗಿದ್ದು, ಬೆರಳಿನಿಂದ ಹಚ್ಚಲು ಬರುವಂತಿರಬೇಕು.
2. ತೆಂಗಿನ ತುರಿ, ಬೆಲ್ಲ ಮತ್ತು ಏಲಕ್ಕಿಯನ್ನು ಕಲಸಿ ಹೂರಣ ಮಾಡಬೇಕು. ಕೆಲವರು ಬೆಲ್ಲವನ್ನು ಕರಗಿಸಿ, ಅದರಲ್ಲಿ ತುರಿಯನ್ನು ಬಾಡಿಸಿಕೊಳ್ಳುತ್ತಾರೆ.
3. ಎಲೆಯನ್ನು ತೊಳೆದು ಒರೆಸಿ, ತೊಟ್ಟನ್ನು ಕತ್ತರಿಸಿ, ಹಿಟ್ಟನ್ನು ತೆಳುವಾಗಿ ಹಚ್ಚಬೇಕು.
4. ನಡುನರದ ಒಂದು ಪಕ್ಕಕ್ಕೆ ಹೂರಣವನ್ನು ಉದ್ದಕ್ಕೆ ಹರಡಿ, ಎಲೆಯನ್ನು ನಡುನರದ ಗುಂಟ ಮಡಚಿ ಅಂಚುಗಳನ್ನು ಮೆಲ್ಲಗೆ ಒತ್ತಬೇಕು.
5. ನೀರು ಕುದಿದ ಮೇಲೆ ಇಡ್ಲಿ ಪಾತ್ರೆಯಲ್ಲಿಟ್ಟು 15ರಿಂದ 20 ನಿಮಿಷ ಬೇಯಿಸಬೇಕು.

ಬಿಸಿ ಸ್ವಲ್ಪ ಆರಿದ ಮೇಲೆ ಎಲೆ ಸುಲಭವಾಗಿ ಬಿಡುತ್ತದೆ. ಕಡುಬನ್ನು ತುಪ್ಪದೊಂದಿಗೆ ತಿನ್ನುತ್ತಾರೆ. ಹೂರಣವಿಡದೆ, ಕಾಯಿ-ಬೆಲ್ಲವನ್ನು ಹಿಟ್ಟಿಗೇ ಬೆರೆಸಿ ಹಚ್ಚುವ ಕ್ರಮವೂ ಉಂಟು. ಹಲಸಿನ ಹಣ್ಣಿನ ಕಾಲದಲ್ಲಿ ಹಣ್ಣನ್ನು ಅಕ್ಕಿಯೊಂದಿಗೆ ರುಬ್ಬಿ, ಬಾಳೆ ಅಥವಾ ಸಾಗುವಾನಿ ಎಲೆಯಲ್ಲಿ ಬೇಯಿಸುವ ಕಡುಬು ಇದರ ಹತ್ತಿರದ ಬಗೆ.

ಆಚರಣೆ

ನಾಗರಪಂಚಮಿಯು ಶ್ರಾವಣ ಶುದ್ಧ ಪಂಚಮಿಯಂದು, ಅಂದರೆ ಸಾಮಾನ್ಯವಾಗಿ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಬರುತ್ತದೆ. ಕರಾವಳಿಯ ಕುಟುಂಬಗಳು ಅಂದು ತಮ್ಮ ನಾಗಬನಕ್ಕೆ ಹೋಗಿ ನಾಗನಿಗೆ ಹಾಲು ಮತ್ತು ಎಳನೀರಿನ ತನು ಎರೆಯುತ್ತವೆ. ಅರಶಿನ ನಾಗಪೂಜೆಗೆ ಬೇಕಾದ ವಸ್ತು. ಅದರ ಎಲೆ ಹುಲುಸಾಗಿರುವ ಕಾಲವೂ ಅದೇ. ಹಬ್ಬದ ದಿನ ಎಣ್ಣೆಯಲ್ಲಿ ಕರಿಯಬಾರದೆಂಬ ನಿಯಮವನ್ನು ಅನೇಕ ಮನೆಗಳಲ್ಲಿ ಪಾಲಿಸುವುದರಿಂದ ಹಬೆಯಲ್ಲಿ ಬೆಂದ ಕಡುಬು ಆ ದಿನಕ್ಕೆ ಹೊಂದುತ್ತದೆ.

ಕಲಿಕೆ

ಕಡುಬಿನ ತಯಾರಿಕೆಯನ್ನು ಬಹುತೇಕ ಮನೆಯ ಹಿರಿಯರಿಂದಲೇ ಕಲಿಯುತ್ತಾರೆ. ಎಲೆ ಕೊಯ್ದು ಒರೆಸುವುದು ಮಕ್ಕಳ ಪಾಲಿನ ಕೆಲಸ. ನಂತರ ಹಿಟ್ಟು ಹಚ್ಚುವುದು, ಕೊನೆಗೆ ಹಿಟ್ಟಿನ ಹದ ನೋಡುವುದು ಕೈಗೆ ಬರುತ್ತವೆ. ಕಲಿಯುವವರು ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಹಿಟ್ಟು ನೀರಾದರೆ ಎಲೆಯಿಂದ ಜಾರುತ್ತದೆ. ಹೆಚ್ಚು ದಪ್ಪಗೆ ಹಚ್ಚಿದರೆ ಬೆಂದ ಪದರ ಗಟ್ಟಿಯಾಗಿ, ಎಲೆಯ ಪರಿಮಳ ಒಳಗಿನವರೆಗೆ ತಲುಪುವುದಿಲ್ಲ. ಹೂರಣವನ್ನು ಬಹಳ ಮೊದಲೇ ಕಲಸಿಟ್ಟರೆ ಬೆಲ್ಲ ನೀರು ಬಿಟ್ಟು ಅಂಚಿನಿಂದ ಸೋರುತ್ತದೆ. ಅಕ್ಕಿ ಹಳೆಯದೋ ಹೊಸತೋ ಎಂಬುದರ ಮೇಲೆ ನೀರಿನ ಪ್ರಮಾಣ ಬದಲಾಗುವುದರಿಂದ ಅಳತೆಯೊಂದನ್ನೇ ನೆಚ್ಚಿಕೊಳ್ಳಲಾಗದು.

ವರ್ಷಕ್ಕೆ ಕೆಲವೇ ವಾರ ಎಲೆ ಸಿಗುವ ಕಾರಣ ಅಭ್ಯಾಸದ ಅವಕಾಶವೂ ಕಡಿಮೆ. ಹಿತ್ತಲಿಲ್ಲದ ಮನೆಗಳು ಹೆಚ್ಚಿದಂತೆ ಎಲೆಯನ್ನು ಪೇಟೆಯಿಂದ ಕೊಳ್ಳುವವರೂ ಕುಂಡದಲ್ಲಿ ಅರಶಿನ ಬೆಳೆಸುವವರೂ ಇದ್ದಾರೆ. ಬಾಳೆ ಎಲೆಯಲ್ಲಿ ಮಾಡಿದರೂ ಕಡುಬು ಬೇಯುತ್ತದೆ, ಆದರೆ ಈ ತಿನಿಸನ್ನು ಗುರುತಿಸುವ ಪರಿಮಳ ಅದರಲ್ಲಿರುವುದಿಲ್ಲ.

ಜಪಾನಿನ ಎಲೆ ಸಿಹಿಗಳೊಂದಿಗೆ ಹೋಲಿಕೆ

ಅಕ್ಕಿಯ ಸಿಹಿಯನ್ನು ಎಲೆಯಲ್ಲಿ ಸುತ್ತುವ ಪದ್ಧತಿ ಅಕ್ಕಿ ಬೆಳೆಯುವ ಏಷ್ಯಾದ ಇತರ ದೇಶಗಳಲ್ಲೂ ಇದೆ. ಜಪಾನಿನ ಸಾಂಪ್ರದಾಯಿಕ ಸಿಹಿಗಳಿಗೆ ವಗಾಶಿ ಎಂಬ ಹೆಸರಿದ್ದು, ಅವುಗಳಲ್ಲಿ ಕಶಿವಾ ಮೋಚಿ ಅರಶಿನ ಎಲೆ ಕಡುಬನ್ನು ಬಹಳ ಮಟ್ಟಿಗೆ ಹೋಲುತ್ತದೆ. ಇದನ್ನು ಮೇ 5ರ ಮಕ್ಕಳ ದಿನದಂದು ತಿನ್ನುತ್ತಾರೆ. ಅಂಟು ಗುಣ ಕಡಿಮೆಯಿರುವ ಸಾಧಾರಣ ಅಕ್ಕಿಯ ಹಿಟ್ಟನ್ನು ಬೇಯಿಸಿ, ಸಿಹಿ ಬೆರೆಸಿದ ಅಜುಕಿ ಕಾಳಿನ ಹೂರಣ ತುಂಬಿ, ಓಕ್ ಜಾತಿಯ ಕಶಿವಾ ಮರದ ಎಲೆಯಲ್ಲಿ ಮಡಚುತ್ತಾರೆ. ಆ ಎಲೆಯನ್ನೂ ತಿನ್ನುವುದಿಲ್ಲ. ಹೊಸ ಚಿಗುರು ಬರುವ ತನಕ ಹಳೆಯ ಎಲೆ ಕೊಂಬೆಯಲ್ಲೇ ಉಳಿಯುವುದರಿಂದ ಅದನ್ನು ವಂಶದ ಮುಂದುವರಿಕೆಯ ಸಂಕೇತವೆಂದು ಭಾವಿಸುತ್ತಾರೆ. ಸಕುರಾ ಮೋಚಿಗೆ ಚೆರ್ರಿ ಮರದ ಎಲೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಬಳಸುತ್ತಾರೆ. ಉಪ್ಪಿನಲ್ಲಿರುವಾಗ ಕೂಮರಿನ್ ಉಂಟಾಗಿ ಎಲೆಗೆ ಪರಿಮಳ ಬರುತ್ತದೆ.

ಜಪಾನಿನಲ್ಲಿ ಎಲೆಗಳನ್ನು ಒಣಗಿಸಿ ಅಥವಾ ಉಪ್ಪು ಹಾಕಿ ಕಾಪಿಡುವ ಕ್ರಮವಿರುವುದರಿಂದ ಸಿಹಿಯನ್ನು ಎಲೆಯ ಋತುವಿನ ಹೊರಗೂ ಮಾಡಬಹುದು. ಅಲ್ಲಿ ವಗಾಶಿಯನ್ನು ಮನೆಯಲ್ಲಷ್ಟೇ ಅಲ್ಲದೆ ವೃತ್ತಿಶಾಲೆಗಳಲ್ಲಿ, ಅಂಗಡಿಗಳಲ್ಲಿ ನುರಿತವರ ಕೈಕೆಳಗೆ ಮತ್ತು ಕೆಲವೇ ಜನರ ಸಣ್ಣ ತರಗತಿಗಳಲ್ಲಿಯೂ ಕಲಿಸುತ್ತಾರೆ. ಅರಶಿನ ಎಲೆ ಕಡುಬಿಗೆ ಹಸಿ ಎಲೆಯೇ ಬೇಕು. ಆದುದರಿಂದ ಅದರ ತಯಾರಿಕೆಯೂ ಕಲಿಕೆಯೂ ಕರಾವಳಿಯ ಮಳೆಗಾಲಕ್ಕೆ ಮತ್ತು ಮನೆಯ ಅಡುಗೆಮನೆಗೆ ಬಹುಮಟ್ಟಿಗೆ ಸೀಮಿತವಾಗಿವೆ.