ಬುದ್ಧಿಹಲ್ಲು ಕೀಳುವಾಗ ಪಕ್ಕದ ಹಲ್ಲಿನ ಗತಿಯೇನು?

ಈ ಸಲದ ವಿಷಯ ಬುದ್ಧಿಹಲ್ಲು. ಮುಂಬೈ, ಪುಣೆಯಲ್ಲಿರುವವರು ಅಕ್ಕಲ್‌ದಾಢ್ ಅಂತ ಕೇಳಿರುತ್ತೀರಿ, ಚೆನ್ನೈಯವರು ಞಾನಪ್ಪಲ್ ಅಂತ. ಮುಂದಿನ ಹಲ್ಲಿನಿಂದ ಎಣಿಸಿಕೊಂಡು ಹೋದರೆ ದವಡೆಯ ಕೊನೆಯಲ್ಲಿ ಸಿಗುವ ಎಂಟನೇ ಹಲ್ಲು ಅದು. ಆದರೆ ನಾನು ಹೇಳಹೊರಟಿರುವುದು ಅದರ ಮುಂದೆ ಕೂತಿರುವ ಏಳನೇ ಹಲ್ಲಿನ ಕಥೆ.

ಕಾರಣ ಇಷ್ಟೇ. ನನ್ನ ಏಳನೇ ಹಲ್ಲಿಗೆ ಕ್ಯಾಪ್ ಹಾಕಿಸಿ ವರ್ಷಗಳಾಗಿವೆ. ಹಿಂದಿನ ಬುದ್ಧಿಹಲ್ಲು ತೆಗೆಸಬೇಕು ಅಂತಾದಾಗ ಸಹಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ, ಪಕ್ಕದ ಹಲ್ಲಿನ ಫಿಲ್ಲಿಂಗ್ ಅಥವಾ ಕ್ಯಾಪಿಗೆ ಪೆಟ್ಟು ಬೀಳಬಹುದು ಅಂತ ಒಂದು ಸಾಲಿತ್ತು. ಸಣ್ಣ ಅಕ್ಷರದ ಸಾಲು. ಅದರ ಹಿಂದೆ ಎಷ್ಟು ಹಳೆಯ ಅನುಭವ ಇದೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು.

ಮೊದಲು ನಮ್ಮಲ್ಲಿಂದಲೇ ಶುರುಮಾಡೋಣ. ಸುಶ್ರುತ ಸಂಹಿತೆಯಲ್ಲಿ ‘ಅಧಿಮಾಂಸ’ ಅಂತ ಒಂದು ಕಾಯಿಲೆ ಬರುತ್ತದೆ. ದವಡೆಯ ಕಟ್ಟಕಡೆಯ ಹಲ್ಲಿನ ಹತ್ತಿರ ದೊಡ್ಡ ಬಾವು, ವಿಪರೀತ ನೋವು, ಜೊಲ್ಲು ಸುರಿಯುವುದು. ಬುದ್ಧಿಹಲ್ಲಿನ ಮೇಲಿನ ಒಸಡು ಊದಿಕೊಂಡು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕಿತ್ಸೆ ನೋಡಿ: ಬೆಳೆದ ಮಾಂಸವನ್ನು ಕತ್ತರಿಸಿ, ಬಜೆ ಮೊದಲಾದವುಗಳ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚುವುದು. ಹಲ್ಲನ್ನು ಕೀಳಿ ಅಂತ ಇಲ್ಲಿ ಹೇಳಿಲ್ಲ. ಮೇಲಿನ ಸಾಲಿನ ಹಲ್ಲು ಅಲ್ಲಾಡುತ್ತಿದ್ದರೂ ಕೀಳಬೇಡಿ, ರಕ್ತ ಹೆಚ್ಚು ಹೋಗಿ ಕಣ್ಣು ಹೋದೀತು, ಮುಖ ಸೊಟ್ಟಗಾದೀತು ಅನ್ನುವ ಎಚ್ಚರಿಕೆಯೂ ಅದೇ ಗ್ರಂಥದಲ್ಲಿದೆ. ಕೀಳುವುದಕ್ಕೆ ಅಷ್ಟು ಹೆದರಿಕೆ.

ಯುರೋಪಿನಲ್ಲಿ ಕಿತ್ತರು, ಧಾರಾಳವಾಗಿ ಕಿತ್ತರು. 16ರಿಂದ 18ನೇ ಶತಮಾನದವರೆಗೆ ಅಲ್ಲಿ ಬಳಕೆಯಲ್ಲಿದ್ದ ಉಪಕರಣಕ್ಕೆ ಪೆಲಿಕನ್ ಅಂತ ಹೆಸರು, ಆ ಹಕ್ಕಿಯ ಕೊಕ್ಕಿನ ಹಾಗೆ ಕಾಣುತ್ತಿತ್ತು. ಅದರ ಕೊಕ್ಕೆಯನ್ನು ಕೀಳಬೇಕಾದ ಹಲ್ಲಿಗೆ ಸಿಕ್ಕಿಸಿ, ಇನ್ನೊಂದು ಭಾಗವನ್ನು ಒಸಡಿಗೋ ಪಕ್ಕದ ಹಲ್ಲಿಗೋ ಆನಿಸಿ ಮೀಟುವುದು. ಅಂದರೆ ಒಂದು ಹಲ್ಲನ್ನು ಕೀಳುವ ಭಾರವನ್ನೆಲ್ಲ ಹೊರುತ್ತಿದ್ದದ್ದು ಅದರ ನೆರೆಯ ಹಲ್ಲು. 1728ರಲ್ಲಿ ದಂತವೈದ್ಯದ ದೊಡ್ಡ ಗ್ರಂಥ ಪ್ರಕಟಿಸಿದ ಫ್ರಾನ್ಸಿನ ಪಿಯರ್ ಫೋಶಾರ್ ಕೂಡ ಪೆಲಿಕನ್ ಬಳಸಿದವನೇ. ಆಮೇಲೆ ಬಾಗಿಲ ಬೀಗದಕೈಯಂಥ ಒಂದು ಉಪಕರಣ ಬಂತು; ಅದನ್ನು ತಿರುಗಿಸಿದರೆ ಹಲ್ಲಿನ ಜೊತೆಗೆ ಒಸಡು ಹರಿದು ದವಡೆಯ ಎಲುಬಿನ ಚೂರೂ ಕಿತ್ತುಬರುತ್ತಿದ್ದುದುಂಟು.

1841ರಲ್ಲಿ ಲಂಡನ್ನಿನ ಜಾನ್ ಟೋಮ್ಸ್ ಒಂದೊಂದು ಬಗೆಯ ಹಲ್ಲಿನ ಕತ್ತಿಗೂ ಸರಿಯಾಗಿ ಕೂರುವ ಇಕ್ಕಳಗಳನ್ನು ಮಾಡಿಸಿದ. ಇನ್ನು ನೆರೆಯವರ ಹಂಗು ಬೇಡ ಅನ್ನಿಸಿರಬೇಕು. ಆದರೆ ಎಲುಬಿನೊಳಗೆ ಅಡ್ಡ ಮಲಗಿದ ಬುದ್ಧಿಹಲ್ಲನ್ನು ಇಕ್ಕಳದಲ್ಲಿ ಹಿಡಿಯುವುದು ಎಲ್ಲಿಂದ? ಅದಕ್ಕೆ ಮೀಟುವ ಎಲಿವೇಟರ್ ಇಂದಿಗೂ ಬೇಕು. ಎಲುಬಿಗೆ ಆನಿಸಿ, ಪಕ್ಕದ ಹಲ್ಲಿಗೆ ಆನಿಸಬೇಡಿ ಅಂತ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಕೈ ತಪ್ಪುವ ಜಾಗ ಅದೇ ಅಂತ ಗೊತ್ತಿರುವುದರಿಂದಲೇ.

ಈ ಹೊತ್ತಿಗೆ ಏಳನೇ ಹಲ್ಲು ಬರೀ ಹಲ್ಲಾಗಿ ಉಳಿದಿರಲಿಲ್ಲ. 1833ರಲ್ಲಿ ಕ್ರಾಕೂರ್ ಸಹೋದರರು ನ್ಯೂಯಾರ್ಕಿಗೆ ಪಾದರಸ ಬೆರೆತ ಅಮಾಲ್ಗಮ್ ತಂದಿದ್ದರು. ಬಂಗಾರ ತುಂಬುತ್ತಿದ್ದ ವೈದ್ಯರು ಸಿಡಿದೆದ್ದರು. ಅಲ್ಲಿನ ದಂತವೈದ್ಯರ ಸಂಘ ತನ್ನ ಸದಸ್ಯರಿಂದ ಅಮಾಲ್ಗಮ್ ಮುಟ್ಟುವುದಿಲ್ಲ ಅಂತ ಬರೆಸಿಕೊಳ್ಳಲು ಹೋಗಿ, ಕೊನೆಗೆ 1856ರಲ್ಲಿ ತಾನೇ ಮುಚ್ಚಿಹೋಯಿತು! ಅಮಾಲ್ಗಮ್ ಉಳಿಯಿತು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಬಂಗಾರ ಎರಕ ಹೊಯ್ಯುವ ವಿಧಾನ ತೋರಿಸಿಕೊಟ್ಟ, ನಮ್ಮ ವಿಗ್ರಹದ ಶಿಲ್ಪಿಗಳಿಗೆ ಹಳೆಯದೇ ಆದ ತಂತ್ರ. ಈಗ ಪಕ್ಕದ ಹಲ್ಲಿನ ಮೇಲೆ ಜನರ ದುಡ್ಡು ಕೂತಿತ್ತು. ಮೀಟುವ ಕೈ ಸ್ವಲ್ಪ ಜಾರಿದರೂ ಫಿಲ್ಲಿಂಗ್ ಮುರಿಯುತ್ತೆ, ಕ್ಯಾಪ್ ಸಡಿಲವಾಗುತ್ತೆ.

ಎಕ್ಸ್-ರೇ ಬಂದದ್ದು 1895ರಲ್ಲಿ. ಮರುವರ್ಷವೇ ಜರ್ಮನಿಯ ಒಟ್ಟೊ ವಾಲ್ಕ್‌ಹಾಫ್ ತನ್ನ ಬಾಯಿಯದೇ ಚಿತ್ರ ತೆಗೆಸಿಕೊಂಡ, 25 ನಿಮಿಷ ಅಲ್ಲಾಡದೆ ಕೂತು. ಒಳಗೆ ಹೂತ ಹಲ್ಲು ಎತ್ತ ವಾಲಿದೆ ಅಂತ ಕೀಳುವ ಮುಂಚೆಯೇ ನೋಡುವ ದಾರಿ ತೆರೆಯಿತು. 1926ರಲ್ಲಿ ಅಮೆರಿಕದ ಜಾರ್ಜ್ ವಿಂಟರ್ ಹೂತ ಬುದ್ಧಿಹಲ್ಲಿನ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಅವನ ವರ್ಗೀಕರಣ ಈಗಲೂ ಬಳಕೆಯಲ್ಲಿದೆ: ಮುಂದಕ್ಕೆ ವಾಲಿದ್ದು, ಅಡ್ಡ ಮಲಗಿದ್ದು, ನೆಟ್ಟಗಿರುವುದು, ಹಿಂದಕ್ಕೆ ವಾಲಿದ್ದು. ಯಾವುದಕ್ಕೆ ಹೋಲಿಸಿ? ಏಳನೇ ಹಲ್ಲಿಗೆ. ಅಳತೆಗೋಲೇ ಅದು. ನನಗೆ ಈ ಇಡೀ ಹುಡುಕಾಟದಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಆಮೇಲೆ ಕೆಲವು ದಶಕ, ತೊಂದರೆ ಕೊಡದ ಬುದ್ಧಿಹಲ್ಲನ್ನೂ ಮುಂಜಾಗ್ರತೆಗೆ ಅಂತ ಕೀಳುವ ವಾಡಿಕೆ ಹಬ್ಬಿತು. ಬ್ರಿಟನ್ ತಡೆಯಿತು. 2000ದಲ್ಲಿ ಅಲ್ಲಿನ ನೈಸ್ ಸಂಸ್ಥೆ, ರೋಗವಿಲ್ಲದ ಬುದ್ಧಿಹಲ್ಲು ಕೀಳುವುದನ್ನು ನಿಲ್ಲಿಸಿ ಅಂದಿತು. ಅನಾವಶ್ಯಕ ನೋವು, ತುಟಿಯ ನರಕ್ಕೆ ಆಗಬಹುದಾದ ಹಾನಿ, ಸರ್ಕಾರದ ಖರ್ಚು ನೋಡಿದರೆ ಸರಿಯಾದ ಮಾತೇ. ಆದರೆ ವರ್ಷಗಳು ಕಳೆದಂತೆ ಅಲ್ಲಿನ ವೈದ್ಯರು ಬೇರೊಂದು ದೂರು ತಂದರು. ಮುಂದಕ್ಕೆ ವಾಲಿ ಅರ್ಧ ಹೊರಬಂದ ಹಲ್ಲನ್ನು ಹಾಗೇ ಬಿಟ್ಟರೆ ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ, ಬ್ರಶ್ ಹೋಗಲ್ಲ, ಏಳನೆಯದರ ಬೆನ್ನು ಹುಳುಕಾಗುತ್ತೆ. ಎಂಟನೆಯದು ಅಡ್ಡ ಕೂತಿರುವಾಗ ಆ ಹುಳುಕನ್ನು ತುಂಬಿಸುವುದೂ ಕಷ್ಟ. ಎರಡನ್ನೂ ಕಳೆದುಕೊಂಡವರಿದ್ದಾರೆ. ವಯಸ್ಸಾದ ಮೇಲೆ ಕಿತ್ತರೆ ಏಳನೆಯದರ ಹಿಂದಿನ ಎಲುಬು ಹರೆಯದವರಲ್ಲಿ ತುಂಬಿಕೊಂಡಷ್ಟು ಚೆನ್ನಾಗಿ ತುಂಬಿಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರದ್ದೂ ಕೀಳುವುದೂ ತಪ್ಪು, ಯಾರದ್ದನ್ನೂ ಮುಟ್ಟದಿರುವುದೂ ತಪ್ಪು. ವಾಲಿದ ಹಲ್ಲಾದರೆ ಏಳನೆಯದರ ಬೆನ್ನನ್ನು ಎಕ್ಸ್-ರೇಯಲ್ಲಿ ತೋರಿಸಿ ಅಂತ ಕೇಳಿ. ಏಳನೆಯದಕ್ಕೆ ಹೊಸ ಕ್ಯಾಪ್ ಆಗಬೇಕಿದ್ದರೆ, ಮೊದಲು ಎಂಟನೆಯದನ್ನು ತೆಗೆಸಿ ಗಾಯ ಮಾಗಿದ ಮೇಲೆ ಮಾಡಬಹುದಾ ಅಂತಲೂ ಕೇಳಿ. ಕ್ಯಾಪ್ ಆಗಲೇ ಇದ್ದರೆ ಅದನ್ನು ಕೀಳುವವರಿಗೆ ಮೊದಲೇ ಹೇಳಿಬಿಡಿ. ಬುದ್ಧಿಹಲ್ಲನ್ನು ಡ್ರಿಲ್ಲಿನಿಂದ ತುಂಡು ಮಾಡಿ ಒಂದೊಂದಾಗಿ ತೆಗೆದರೆ ಪಕ್ಕದ್ದರ ಮೇಲೆ ಬೀಳುವ ಒತ್ತಡ ಕಡಿಮೆ. ಹಿಂದೆ ಇದೇ ಕೆಲಸಕ್ಕೆ ಉಳಿ ಸುತ್ತಿಗೆ ಹಿಡಿಯುತ್ತಿದ್ದರು.