ಒಂದೇ ಸೂರಿನಡಿ ಹಲವು ಕುಲುಮೆ

ಹಿಂದೆ ನಮ್ಮ ಊರುಗಳಲ್ಲಿ ಕಮ್ಮಾರನ ಕುಲುಮೆ ಒಂದು ಕಡೆ, ಬಡಗಿಯ ಕೊಟ್ಟಿಗೆ ಇನ್ನೊಂದು ಕಡೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ ಮತ್ತೊಂದು ಕಡೆ ಇರುತ್ತಿದ್ದುವು. ಒಬ್ಬನ ವಿದ್ಯೆ ಇನ್ನೊಬ್ಬನಿಗೆ ಬಾರದು. ಈಗ ಹಲವು ಕಸುಬುಗಳನ್ನು ಒಂದೇ ಸೂರಿನಡಿ ಕೂಡಿಸಿ, ಬಂದವರೆಲ್ಲ ಕಲಿತು ಮಾಡಲೆಂದು ಬಾಗಿಲು ತೆರೆದಿಟ್ಟ ಕಾರ್ಯಾಗಾರಗಳು ಹುಟ್ಟಿವೆ. ಅವಕ್ಕೆ ಮೇಕರ್‌ಸ್ಪೇಸ್ ಎಂದು ಹೆಸರು; ಫ್ಯಾಬ್ ಲ್ಯಾಬ್ ಎಂಬುದು ಅದರಲ್ಲೊಂದು ಬಗೆ. ಓದುಗರೇ, ಅಲ್ಲಿನ ಯಂತ್ರಗಳ ಪೂರ್ವವೃತ್ತಾಂತವನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಒಳಗೆ ಕಾಲಿಡೋಣ. ಗದ್ದಲ ಮಾಡಿ ಹೊಟ್ಟು ಹಾರಿಸುವ, ಮರ ಕೊರೆಯುವ ಯಂತ್ರಕ್ಕೆ ಪ್ರತ್ಯೇಕ ಕೋಣೆ. ಲೇಸರ್ ಕಿರಣದಿಂದ ಹಲಗೆ ಕತ್ತರಿಸುವಲ್ಲಿ ಹೊಗೆಯನ್ನು ಹೊರಗೊಯ್ಯುವ ಕೊಳವೆ. ಧೂಳು ಸೋಕದ ಮೂಲೆಯಲ್ಲಿ ವಿದ್ಯುತ್ ಬಿಡಿಭಾಗಗಳನ್ನು ಬೆಸೆಯುವ ಮೇಜು. ಅದರಾಚೆ, ಪ್ಲಾಸ್ಟಿಕ್ಕನ್ನು ಕರಗಿಸಿ ಪದರದ ಮೇಲೆ ಪದರವಿಟ್ಟು ವಸ್ತುವನ್ನು ಬೆಳೆಸುವ ಮುದ್ರಣಯಂತ್ರ. ಈ ವಿಂಗಡಣೆ ಅಂದಕ್ಕಾಗಿ ಮಾಡಿದ್ದಲ್ಲ. ಪಿ.ವಿ.ಸಿ. ಹಾಳೆಯನ್ನು ಲೇಸರಿಗೆ ಒಡ್ಡಿದರೆ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುವ ವಿಷವಾಯು ಏಳುತ್ತದೆ. ಆದುದರಿಂದ ಅಲ್ಲಿ ಮೊದಲ ಪಾಠ ಎಚ್ಚರದ್ದೇ.

ಈ ಯಂತ್ರಗಳಾದರೂ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳ ಕೆಲಸದಲ್ಲಿದ್ದಾಗ, ಅಂಕಿಗಳ ಮೂಲಕ ಯಂತ್ರವನ್ನು ನಡೆಸುವ ಆಲೋಚನೆ ಮಾಡಿದರು. ವಾಯುಪಡೆಯ ಹಣದಿಂದ ಎಂ.ಐ.ಟಿ. ಸಂಸ್ಥೆ ೧೯೫೨ರಲ್ಲಿ ಅಂಥ ಯಂತ್ರವನ್ನು ಪ್ರದರ್ಶಿಸಿತು. ರಂಧ್ರ ಕೊರೆದ ಕಾಗದದ ಪಟ್ಟಿ ಅದಕ್ಕೆ ಆಜ್ಞೆ ಕೊಡುತ್ತಿತ್ತು. ೧೯೬೦ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಇಂದು ಇಂಥ ಕಾರ್ಯಾಗಾರಗಳಲ್ಲಿ ಮರವನ್ನು ಕತ್ತರಿಸುವ ಇಂಗಾಲದ ಡೈಆಕ್ಸೈಡಿನ ಲೇಸರನ್ನು ೧೯೬೪ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಚಾರ್ಲ್ಸ್ ಹಲ್ ೧೯೮೩ರಲ್ಲಿ ದ್ರವವನ್ನು ಬೆಳಕಿನಿಂದ ಗಟ್ಟಿಮಾಡಿ ವಸ್ತುವೊಂದನ್ನು ‘ಮುದ್ರಿಸಿದರು’. ಪ್ಲಾಸ್ಟಿಕ್ ಎಳೆಯನ್ನು ಕರಗಿಸುವ ವಿಧಾನದ ಪೇಟೆಂಟು ೨೦೦೯ರಲ್ಲಿ ಮುಗಿದ ಮೇಲೆ ಆ ಯಂತ್ರ ಸಾಮಾನ್ಯರ ಕೈಗೆಟುಕಿತು.

ಬಿಡಿಬಿಡಿಯಾಗಿದ್ದ ಇವನ್ನೆಲ್ಲ ಒಂದು ಪಾಠದಲ್ಲಿ ಕೂಡಿಸಿದವರು ಎಂ.ಐ.ಟಿ.ಯ ನೀಲ್ ಗರ್ಶನ್‌ಫೆಲ್ಡ್. ೧೯೯೮ರಲ್ಲಿ ಅವರು, ಹೆಚ್ಚುಕಡಿಮೆ ಏನನ್ನು ಬೇಕಾದರೂ ಮಾಡುವುದು ಹೇಗೆಂದು ಕಲಿಸುವ ತರಗತಿ ತೆರೆದರು. ಕೆಲವೇ ಮಂದಿ ಬಂದಾರೆಂದು ಕಾದಿದ್ದಲ್ಲಿ ನೂರರಷ್ಟು ಮಂದಿ ಬಂದರು. ಸಂಶೋಧನೆಗಿಂತಲೂ ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳುವ ಆಸೆ ಅವರಿಗೆ ಹೆಚ್ಚಾಗಿತ್ತು.

ಈ ಬಗೆಯ ಕಾರ್ಯಾಗಾರ ಅಮೆರಿಕದ ಹೊರಗೆ ಮೊತ್ತಮೊದಲು ಬೇರೂರಿದ ನೆಲಗಳಲ್ಲಿ ಒಂದು ನಮ್ಮ ದೇಶದ್ದೇ. ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ೧೯೮೩ರಲ್ಲಿ ವಿಜ್ಞಾನ ಆಶ್ರಮವನ್ನು ಕಟ್ಟಿದವರು ಡಾ. ಶ್ರೀನಾಥ ಕಲ್ಬಾಗ್. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿಯೂ ಮೊದಲು ದುಡಿದಿದ್ದ ಅವರು, ಕೈಯ ಕೆಲಸವೇ ಪಾಠವಾಗಬೇಕೆಂದು ನಂಬಿದವರು. ೨೦೦೨ರಲ್ಲಿ ಫ್ಯಾಬ್ ಲ್ಯಾಬ್ ಅಲ್ಲಿಗೆ ಬಂದಾಗ ನೆಲ ಹದವಾಗಿಯೇ ಇತ್ತು. ಹಳ್ಳಿಗರು ಕೇಳಿದ್ದು ಆಟಿಕೆಯನ್ನಲ್ಲ; ಹಾಲಿನ ಗುಣ ಪರೀಕ್ಷಿಸುವ ಉಪಕರಣ, ಹೊಲದ ಎಂಜಿನ್ನು ಸರಿಯಾಗಿ ಓಡುತ್ತಿದೆಯೇ ಎಂದು ಅಳೆಯುವ ಸಾಧನ. ಅಗತ್ಯ ಮುಂದೆ ನಡೆಯಿತು, ಯಂತ್ರ ಹಿಂಬಾಲಿಸಿತು. ಯಂತ್ರ ಕೊಂಡು ಬೀಗ ಹಾಕಿಡುವ ನಮ್ಮ ಸಂಸ್ಥೆಗಳು ಇದನ್ನು ಗಮನಿಸಬೇಕು.

ಮನೆಯ ರೇಡಿಯೋ ಕೆಟ್ಟರೆ ಬಿಚ್ಚಲು ಅಂಜಿ ಹೊಸದನ್ನು ತರುವುದು ನಮಗೆ ರೂಢಿಯಾಗಿದೆ. ಹೀಗೆಯೇ ನಡೆದರೆ ನಮ್ಮ ಮಕ್ಕಳು ಕೊಳ್ಳಬಲ್ಲರೇ ಹೊರತು ಮಾಡಲಾರರು. ನಿಮ್ಮ ಮಗನೋ ಮಗಳೋ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚುತ್ತ ಕುಳಿತರೆ ಗದರಿಸಬೇಡಿ. ವಿದ್ಯುತ್ತಿನ ತಂತಿ ಕಳಚಿದೆಯೇ ಎಂದು ನೋಡಿ, ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ.