ವೀರಗಾಸೆ: ಕುಣಿತವೂ ಕಾಯಕವೇ

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಕಲೆಯನ್ನೇ ಕಾಯಕವಾಗಿ ಕೈಗೊಂಡವರು ಹಲವರು. ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯ, ಕಿನ್ನರಿ ನುಡಿಸುತ್ತಿದ್ದ ಬ್ರಹ್ಮಯ್ಯ, ಢಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣ, ಜನರನ್ನು ನಗಿಸುತ್ತಿದ್ದ ನಗೆಯ ಮಾರಿತಂದೆ, ಇವರೆಲ್ಲರೂ ವಚನಕಾರರಾಗಿ ವಂದ್ಯರಾಗಿದ್ದಾರೆ. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ವಚನ ನುಡಿದ ಚೌಡಯ್ಯನಿಗೆ ವೇಷವೇ ಜೀವನೋಪಾಯವೂ ಹೌದು, ಶಿವಾರಾಧನೆಯ ಮಾರ್ಗವೂ ಹೌದು. ಕಲಾವಿದನು ಕೈಯೊಡ್ಡುವ ಬೇಡುಗನಲ್ಲ, ಕಾಯಕಜೀವಿ ಎಂಬ ಅರಿವು ಶರಣರಿಂದ ಬಂದ ಬಳುವಳಿ.

ಈ ಅರಿವನ್ನು ಇಂದಿಗೂ ನೆನಪಿಗೆ ತರುವ ಕಲೆ ವೀರಗಾಸೆ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯಾದ ಕಡೂರು, ತರೀಕೆರೆ ಹಾಗೂ 2018ರವರೆಗೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಪ್ರದೇಶಗಳಲ್ಲಿ ಈ ಕಲೆಗೆ ಆಳವಾದ ಬೇರುಗಳಿವೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಪರಂಪರೆ ಪುರವಂತರದು.

ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಎದೆಗೆ ವೀರಭದ್ರನ ಮುಖದ ಫಲಕ, ಕಾಲಿಗೆ ಗೆಜ್ಜೆ, ಕೈಯಲ್ಲಿ ಖಡ್ಗ ಧರಿಸಿ, ಕರಡೆ, ಸಮಾಳ, ತಾಳಗಳ ಗತಿಗೆ ಕಲಾವಿದರು ಕುಣಿಯುತ್ತಾರೆ. ನಡುನಡುವೆ ವಾದ್ಯ ನಿಲ್ಲುತ್ತದೆ. ಒಬ್ಬನು ಮುಂದೆ ಬಂದು ಏರುದನಿಯಲ್ಲಿ ಒಡಪು ಹೇಳುತ್ತಾನೆ. ದಕ್ಷನ ಯಜ್ಞ, ದಾಕ್ಷಾಯಣಿಯ ಅವಮಾನ, ವೀರಭದ್ರನ ಅವತಾರ ಒಡಪುಗಳ ಮುಖ್ಯ ವಸ್ತು. ಇದೇ ಕಥೆಯನ್ನು ರಾಘವಾಂಕನು 'ವೀರೇಶಚರಿತೆ'ಯಲ್ಲಿ ಉದ್ದಂಡ ಷಟ್ಪದಿಯಲ್ಲಿ ಹಾಡಿದನು. ಓದುಬಲ್ಲವರಿಗೆ ಕಾವ್ಯವು ನೀಡಿದ ಕಥೆಯನ್ನು ಅಕ್ಷರವರಿಯದವರಿಗೂ ತಲುಪಿಸಿದ್ದು ಒಡಪು. ಶಿವನನ್ನು ಹೊರಗಿಟ್ಟ ಅಹಂಕಾರದ ಯಜ್ಞ ನಿಲ್ಲದು ಎಂಬುದೇ ಅದರ ತಿರುಳು.

ಹಿಂದೆ ಈ ಕಲೆಯನ್ನು ಪೊರೆದದ್ದು ಸಂದರ್ಭ. ವೀರಭದ್ರನ ಒಕ್ಕಲಿನ ಮನೆಗಳ ಮದುವೆಯಲ್ಲಿ ಗುಗ್ಗಳ, ಶ್ರಾವಣ ಕಾರ್ತಿಕಗಳ ಪೂಜೆ, ಊರ ಜಾತ್ರೆ, ತೇರು, ಹರಕೆ, ಇವುಗಳಿಗೆ ವೀರಗಾಸೆಯವರು ಬೇಕೇ ಬೇಕಾಗಿತ್ತು. ಕಲಿಕೆಯೂ ಅಲ್ಲಿಯೇ ನಡೆಯುತ್ತಿತ್ತು. ತಂದೆಯ ಪಕ್ಕದಲ್ಲಿ ನಿಂತ ಮಗನು ಒಡಪನ್ನು ಕಿವಿಯಿಂದಲೇ ಕಲಿಯುತ್ತಿದ್ದನು.

ಕಾಲ ಬದಲಾದಂತೆ ಸಂಸ್ಥೆಗಳು ನೆರವಿಗೆ ಬಂದವು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಅವರ ಪರಿಶ್ರಮದಿಂದಲೇ ರಾಮನಗರದ ಬಳಿ ಜಾನಪದ ಲೋಕ ತಲೆಯೆತ್ತಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ವೀರಗಾಸೆ ಮೈಸೂರು ದಸರೆಯ ಮೆರವಣಿಗೆಗೂ ಏರಿತು. ಪುರುಷರಿಗಷ್ಟೇ ಮೀಸಲಾಗಿದ್ದ ಕುಣಿತಕ್ಕೆ ಮಹಿಳೆಯರೂ ಗೆಜ್ಜೆ ಕಟ್ಟಿದರು. ಹೆಣ್ಣಿಗೂ ಅನುಭವ ಮಂಟಪದಲ್ಲಿ ಸ್ಥಾನವಿತ್ತ ಪರಂಪರೆಗೆ ಇದು ಸಂತಸದ ಸಂಗತಿ.

ಆದರೆ ಮೆರವಣಿಗೆಯಲ್ಲಿ ಕುಣಿತಕ್ಕೆ ಅವಕಾಶವುಂಟು, ಒಡಪಿಗೆ ಇಲ್ಲ. ವೇದಿಕೆಯ ಕೆಲವು ನಿಮಿಷಗಳಲ್ಲಿ ಕಥೆ ಮುಗಿಯದು. ಖಡ್ಗದ ಹೊಳಪು ಉಳಿದು ಮಾತು ಮರೆಯಾದರೆ ವೀರಗಾಸೆ ಬರಿಯ ಅಲಂಕಾರವಾದೀತು. ಹಿರಿಯ ಕಲಾವಿದರೊಡನೆ ಒಡಪು ಅಳಿದರೆ ಅದನ್ನು ಮರಳಿ ತರುವ ದಾರಿಯಿಲ್ಲ.

ಆದುದರಿಂದ ಸದ್ಭಕ್ತರು ಮನೆಯ ಶುಭಕಾರ್ಯಕ್ಕೆ, ಊರ ತೇರಿಗೆ ವೀರಗಾಸೆಯವರನ್ನು ಕರೆದಾಗ ಒಡಪನ್ನು ಪೂರ್ಣವಾಗಿ ಹೇಳಿಸಬೇಕು, ಕುಳಿತು ಕೇಳಬೇಕು, ಮಕ್ಕಳಿಗೆ ಕಲಿಸಲು ಹಿರಿಯರನ್ನು ಕೋರಬೇಕು. ಸಲ್ಲಿಸುವ ಸಂಭಾವನೆ ದಾನವಲ್ಲ. ಕಾಯಕಕ್ಕೆ ಸಲ್ಲಬೇಕಾದ ಗೌರವ. ಕಾಯಕವನ್ನು ಗೌರವಿಸುವುದು ಶರಣರು ತೋರಿದ ದಾರಿ.